ಕರಗಲೆಂದೇ ಕಟ್ಟುವ ಸಾರುವೆ

ಫೆಬ್ರುವರಿ ಬಂತೆಂದರೆ ಆಲೂರು, ಸಕಲೇಶಪುರದ ತೋಟಗಳಲ್ಲಿ ಬಿದಿರೇಣಿಗಳು ಮರಕ್ಕೆ ಒರಗುತ್ತವೆ. ರೋಬಸ್ಟಾ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಆಗಲೇ ಮೆಣಸಿನ ಕಾಳು ಕೆಂಪಗಾಗಲು ಶುರು. ಸಿಲ್ವರ್ ಓಕ್ ಮರ ನೆಟ್ಟಗೆ ಮೇಲೆ ಹೋಗಿರುತ್ತದೆ; ಅದನ್ನು ತಬ್ಬಿಕೊಂಡ ಬಳ್ಳಿಯೂ ಅಷ್ಟೇ ಎತ್ತರ. ಏಣಿಯನ್ನು ಮರಕ್ಕೆ ಹಗ್ಗದಲ್ಲಿ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದವರು ಮಧ್ಯಾಹ್ನದ ಊಟದವರೆಗೂ ನೆಲ ಮುಟ್ಟುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವವರದೂ ಅದೇ ಎತ್ತರ, ಕೈಯಲ್ಲಿ ಕತ್ತಿ ಬೇರೆ. ನಮ್ಮ ಬೆಟ್ಟದ ಕಡೆ ಕಾಲು ಮುರಿದುಕೊಂಡವರನ್ನು ಕೇಳಿ ನೋಡಿ, ಕಥೆ ಶುರುವಾಗುವುದು ಇಂಥದೊಂದು ಏಣಿಯಿಂದ, ಇಲ್ಲವೇ ಶಿರಾಡಿ ಘಾಟಿಯ ಒಂದು ತಿರುವಿನಿಂದ, ಒಮ್ಮೊಮ್ಮೆ ಮುಂಜಾನೆಯ ಮಂಜಿನಲ್ಲಿ ಎದುರಾದ ಕಾಡಾನೆಯಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪ ಬಿದ್ದದ್ದೂ ಮೆಣಸಿನ ಏಣಿಯಿಂದಲೇ. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಗಾಯದೊಳಗೆ ತೋಟದ ಮಣ್ಣು, ಕೊಳೆತ ತರಗು. ಜೀಪಿನಲ್ಲಿ ಹಾಸನಕ್ಕೆ ಒಯ್ದರು, ತೊಳೆದರು, ಕಾಲಿನ ಹೊರಗಡೆ ಉಕ್ಕಿನ ಸರಳು ಕೂರಿಸಿದರು. ಆದರೂ ಕೀವಾಯಿತು. ಸತ್ತುಹೋದ ಮೂಳೆಯ ತುಂಡನ್ನು ತೆಗೆಯಲೇಬೇಕಾಯಿತು. ಎರಡು ತುದಿಗಳ ನಡುವೆ ಮೂರು ಬೆರಳಗಲದ ಖಾಲಿ ಜಾಗ ಉಳಿಯಿತು. ಆಮೇಲೆ ಇನ್ನೊಂದು ಆಪರೇಷನ್ನು; ಸೊಂಟದ ಮೂಳೆಯಿಂದ ಒಂದಿಷ್ಟು ಕೆತ್ತಿ ತೆಗೆದು ಆ ಜಾಗಕ್ಕೆ ತುಂಬಿದರು. ಮನೆಗೆ ಬಂದ ಮೇಲೆ ನೋಡಲು ಹೋದೆ. ಕಾಲಿನ ಮಾತೇ ಇಲ್ಲ. ಎಡಗೈಯಲ್ಲಿ ಸೊಂಟ ಒತ್ತಿ ಹಿಡಿದುಕೊಂಡು ಕೇಳಿದರು: “ಕಾಲ್ ಮುರ್ದಿತ್ತು, ಸರಿ ಮೇಷ್ಟ್ರೇ. ನೆಟ್ಟಗಿದ್ದ ಸೊಂಟ ಯಾಕ್ ಕೆತ್ತಿದ್ರು?”

ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಅರ್ಧ ಉತ್ತರವಿತ್ತು. ಉಳಿದರ್ಧವನ್ನು ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಗತ್ತಿನ ನೂರಾರು ಪ್ರಯೋಗಾಲಯಗಳು ಇವತ್ತು ಬಗೆಹರಿಸಲು ಹೆಣಗುತ್ತಿರುವುದು ಇದೇ ಪ್ರಶ್ನೆಯನ್ನು. ಅವುಗಳಲ್ಲಿ ಒಂದೆರಡು ಸಕಲೇಶಪುರದಿಂದ 220 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ ಇವೆ.

ಮೊದಲು ಸೊಂಟದ ವಿಷಯ. ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಚರ್ಮ ಮಾಯ್ದರೆ ಕಲೆ ಉಳಿಯುತ್ತದೆ, ಮೂಳೆ ಮಾತ್ರ ಕಲೆಯಿಲ್ಲದೆ ಹಿಂದಿನಂತೆಯೇ ಆಗಬಲ್ಲದು. ಆದರೆ ಎರಡು ತುದಿಗಳು ಹತ್ತಿರವಿರಬೇಕು. ನಡುವಿನ ಕಂದಕ ಒಂದು ಮಿತಿ ದಾಟಿತೋ, ಎಷ್ಟು ತಿಂಗಳು ಕಾದರೂ ಅದು ತುಂಬುವುದಿಲ್ಲ. ಮೂಳೆಯ ಬದಲು ನಾರಿನಂಥ ಮೆತ್ತನೆಯ ಅಂಗಾಂಶ ಬಂದು ಕೂರುತ್ತದೆ. ಹೊಸ ಮೂಳೆ ಕಟ್ಟುವ ಜೀವಕೋಶಗಳಿಗೆ ಕಾಲೂರಲು ನೆಲ ಬೇಕು, ಗಾಳಿಯಲ್ಲಿ ಅವು ನಡೆಯಲಾರವು. ಸೊಂಟದ ಅಂಚಿನಿಂದ ತೆಗೆದ ಮೂಳೆಯಲ್ಲಿ ಆ ನೆಲವಿದೆ, ಜೀವಂತ ಕೋಶಗಳಿವೆ, ಅವುಗಳನ್ನು ಕೆಲಸಕ್ಕೆ ಹಚ್ಚುವ ರಾಸಾಯನಿಕ ಸಂದೇಶಗಳೂ ಇವೆ. ತನ್ನದೇ ದೇಹದ್ದಾದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ. ಹಾಗಾಗಿಯೇ ಶಸ್ತ್ರವೈದ್ಯರು ಇವತ್ತಿಗೂ ಅದನ್ನೇ ಮೊದಲ ಆಯ್ಕೆ ಎನ್ನುತ್ತಾರೆ. ತೊಂದರೆ ಎರಡು. ಸೊಂಟದಲ್ಲಿ ಸಿಗುವುದೇ ಸ್ವಲ್ಪ. ತೆಗೆದ ಜಾಗದ ನೋವು ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತದೆ. ಕಾಫಿ ಗಿಡಕ್ಕೆ ಕಸಿ ಕಟ್ಟುವಾಗ ಕಡ್ಡಿ ಕೊಟ್ಟ ಮರ ನರಳುವುದಿಲ್ಲ. ಮೂಳೆ ಕಸಿಯಲ್ಲಿ ಕೊಟ್ಟವನೂ ಪಡೆದವನೂ ಒಬ್ಬನೇ, ಎರಡು ಗಾಯವೂ ಅವನದೇ.

ಬೇರೆಯವರ ಮೂಳೆ ಬಳಸಬಹುದು, ಅದಕ್ಕೆ ಮೂಳೆ ಬ್ಯಾಂಕುಗಳಿವೆ. ಸ್ವಚ್ಛ ಮಾಡುವ ಹೊತ್ತಿಗೆ ಅದರೊಳಗಿನ ಜೀವ ಹೋಗಿರುತ್ತದೆ. ಲೋಹ ಹಾಕಬಹುದು. ಟೈಟಾನಿಯಂ ಗಟ್ಟಿ, ದೇಹಕ್ಕೆ ಒಗ್ಗುತ್ತದೆ. ಆದರೆ ಅದು ಬೇಕಾದ್ದಕ್ಕಿಂತ ಬಹಳ ಹೆಚ್ಚು ಬಿಗಿ. ಬಾಗಲು ಒಪ್ಪದ ಗುಣವನ್ನು ಅಳೆಯುವ ಮಾಪನದಲ್ಲಿ ಕಾಲಿನ ಗಟ್ಟಿ ಮೂಳೆ 10ರಿಂದ 20 ಗಿಗಾಪ್ಯಾಸ್ಕಲ್ ಆದರೆ ಟೈಟಾನಿಯಂ ಸುಮಾರು 110. ಹೆಜ್ಜೆಯಿಟ್ಟಾಗ ಭಾರವನ್ನೆಲ್ಲ ಲೋಹವೇ ಹೊತ್ತುಬಿಡುತ್ತದೆ, ಪಕ್ಕದ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆ ಸವೆಯುತ್ತದೆ. ಮೂಳೆ ತಾನು ಹೊರುವ ಭಾರಕ್ಕೆ ತಕ್ಕಂತೆ ತನ್ನನ್ನೇ ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿಟ್ಟಿದ್ದ. ಗೂಟಕ್ಕೆ ಬಿಗಿಯಾಗಿ ಕಟ್ಟಿದ ಎಳೆ ಸಸಿ ಗಾಳಿಗೆ ಅಲುಗದೆ ಸಣಕಲಾಗಿಯೇ ಉಳಿಯುವುದನ್ನು ತೋಟದವರು ನೋಡಿರುತ್ತಾರೆ.

ಹಾಗಾದರೆ ಬೇಕಾದದ್ದು ಏನು? ಮನೆ ಕಟ್ಟುವಾಗ ಗಾರೆಯವರು ಸರ್ವೆ ಕಂಬ, ಬಿದಿರು ಸೇರಿಸಿ ಸಾರುವೆ ಕಟ್ಟುತ್ತಾರಲ್ಲ, ಅಂಥದ್ದು. ಆಳು ನಿಂತು ಕೆಲಸ ಮಾಡಲು ಅದು ಆಸರೆ. ಗೋಡೆ ಎದ್ದ ಮೇಲೆ ಅದಕ್ಕಲ್ಲಿ ಜಾಗವಿಲ್ಲ. ಮೂಳೆಯ ಕಂದಕದಲ್ಲಿ ಅಂಥದೊಂದು ಸಾರುವೆ ಇಟ್ಟರೆ ದೇಹದ ಜೀವಕೋಶಗಳು ಅದರ ಮೇಲೆ ಹತ್ತಿ ಹೊಸ ಮೂಳೆ ಕಟ್ಟುತ್ತವೆ. ಕಟ್ಟಿದಷ್ಟೂ ಸಾರುವೆ ಕರಗುತ್ತಾ ಹೋಗಬೇಕು. ಬಿಚ್ಚಲು ಇನ್ನೊಂದು ಆಪರೇಷನ್ನು ಬೇಡ. 1993ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಬರೆದ ಲೇಖನವೊಂದು ಈ ವಿದ್ಯೆಗೆ ಅಂಗಾಂಶ ಎಂಜಿನಿಯರಿಂಗ್ ಎಂಬ ಹೆಸರನ್ನು ಗಟ್ಟಿಮಾಡಿತು.

ಸಾರುವೆಯನ್ನು ಯಾವುದರಿಂದ ಕಟ್ಟಬೇಕು? ಅದಕ್ಕೆ ಮೂಳೆ ಯಾವುದರಿಂದ ಆಗಿದೆ ಎಂದು ತಿಳಿಯಬೇಕು. ಇದನ್ನು ನಾನು ಎಂಟನೇ ತರಗತಿಯ ಮಕ್ಕಳಿಗೆ ಎಷ್ಟೋ ವರ್ಷ ಎರಡು ಕೋಳಿ ಮೂಳೆಗಳಲ್ಲಿ ತೋರಿಸಿದ್ದೇನೆ. ಒಂದನ್ನು ಅಗಲ ಬಾಯಿಯ ಬಾಟಲಿಯಲ್ಲಿ ವಿನೆಗರ್ ತುಂಬಿ ಅದರೊಳಗೆ ಮುಳುಗಿಸಿಡುವುದು. ಮೊದಲ ದಿನ ಮೂಳೆಯ ಮೈತುಂಬ ಸಣ್ಣ ಗುಳ್ಳೆ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸುತ್ತಾ ಹೋದರೆ ಒಂದು ವಾರ ಕಳೆಯುವಷ್ಟರಲ್ಲಿ ಮೂಳೆ ಆಕಾರ ಬಿಡದೆ ಮೆತ್ತಗಾಗಿರುತ್ತದೆ. ರಬ್ಬರಿನಂತೆ ಬಳುಕುತ್ತದೆ, ತೆಳುವಾಗಿದ್ದರೆ ಗಂಟು ಹಾಕಬಹುದು. ಇನ್ನೊಂದನ್ನು ಒಲೆಯ ಕೆಂಡದಲ್ಲಿ ಚೆನ್ನಾಗಿ ಸುಡುವುದು. ಅದು ಸುಣ್ಣದಂತೆ ಬೆಳ್ಳಗಾಗುತ್ತದೆ, ಅದೂ ಆಕಾರ ಬಿಡುವುದಿಲ್ಲ. ಆದರೆ ಎರಡು ಬೆರಳಲ್ಲಿ ಅದುಮಿದರೆ ಪುಡಿಪುಡಿ. ಗಂಟು ಹಾಕಿದ ಮೂಳೆಯನ್ನು ಒಂದು ಕೈಯಲ್ಲೂ ಪುಡಿಯಾದದ್ದನ್ನು ಇನ್ನೊಂದು ಕೈಯಲ್ಲೂ ಹಿಡಿದ ಮಗುವಿಗೆ ಬೇರೆ ಪಾಠ ಬೇಕಾಗುತ್ತಿರಲಿಲ್ಲ.

ವಿನೆಗರ್ ತೆಗೆದದ್ದು ಖನಿಜವನ್ನು, ಉಳಿಸಿದ್ದು ಕೊಲಾಜೆನ್ ಎಂಬ ಪ್ರೋಟೀನ್ ನಾರನ್ನು. ಬೆಂಕಿ ನಾರನ್ನು ಸುಟ್ಟು ಖನಿಜವನ್ನು ಉಳಿಸಿತು. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ್ದು. ಮೂಳೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅದೇ. ನಾರು ಮಾತ್ರವಿದ್ದರೆ ನಿಲ್ಲಲಾಗದು, ಖನಿಜ ಮಾತ್ರವಿದ್ದರೆ ಒಂದು ಎಡವಿಗೆ ಒಡೆದುಹೋಗುತ್ತದೆ. ಹಳೆಯ ಮನೆಗಳ ತಡಿಕೆ ಗೋಡೆ ನೆನಪಿಸಿಕೊಳ್ಳಿ. ಬಿದಿರಿನ ಹೆಣಿಗೆಗೆ ಎರಡೂ ಕಡೆಯಿಂದ ಮಣ್ಣು ಮೆತ್ತಿದ್ದು. ಬಿದಿರು ಬಾಗುತ್ತದೆ, ಮಣ್ಣು ಬಿಗಿಯುತ್ತದೆ, ಎರಡೂ ಸೇರಿ ಮಲೆನಾಡಿನ ಮಳೆಗಾಳಿಯನ್ನು ತಡೆಯುತ್ತವೆ. ಇಂಥ ಕೂಡುವಸ್ತುವನ್ನೇ ಎಂಜಿನಿಯರುಗಳು ಕಾಂಪೊಸಿಟ್ ಎನ್ನುವುದು. ಮೂಳೆಯ ಸಾರುವೆಯೂ ಹೀಗೇ ಆಗಬೇಕು. ನಾರಿನ ಜಾಗದಲ್ಲಿ ದೇಹದೊಳಗೆ ಕರಗುವ ಪಾಲಿಮರ್, ಅದರೊಳಗೆ ಖನಿಜದ ಕಣ.

ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ ಚೀಲ ಕಣ್ಣ ಮುಂದೆ ಬರಬಹುದು. ಆದರೆ ಆಪರೇಷನ್ ಆದ ಮೇಲೆ ಬಿಚ್ಚಬೇಕಿಲ್ಲದ ಹೊಲಿಗೆ ದಾರವನ್ನು ನಮ್ಮಲ್ಲಿ ಎಷ್ಟೋ ಮಂದಿ ಮೈಯಲ್ಲಿ ಹೊತ್ತವರೇ. ಅದೂ ಪಾಲಿಮರ್. 1970ರ ದಶಕದಿಂದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಪಾಲಿಗ್ಲೈಕೋಲಿಕ್ ಆಮ್ಲ, ಅದರ ನೆಂಟ ಪಾಲಿಲ್ಯಾಕ್ಟಿಕ್ ಆಮ್ಲ ಇವೆರಡೂ ಮೈಯ ನೀರಿಗೆ ನಿಧಾನವಾಗಿ ಕೊಂಡಿ ಕಳಚಿಕೊಂಡು ಕರಗುತ್ತವೆ. ಮೂಳೆಯ ಕೆಲಸಕ್ಕೆ ಹೆಚ್ಚು ಬಳಕೆಯಾಗುವ ಇನ್ನೊಂದು ಪಾಲಿಕ್ಯಾಪ್ರೊಲ್ಯಾಕ್ಟೋನ್, ಚಿಕ್ಕದಾಗಿ ಪಿಸಿಎಲ್. 60 ಡಿಗ್ರಿಗೆಲ್ಲ ಇದು ಕರಗುತ್ತದೆ, ಆಗತಾನೆ ಇಳಿಸಿದ ಡಿಕಾಕ್ಷನ್ನಿಗೆ ಒಂದು ಚೂರು ಹಾಕಿದರೆ ಮೆತ್ತಗಾಗುವಷ್ಟು. ಮೈಯ 37 ಡಿಗ್ರಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಹೀಗೆ ಕಡಿಮೆ ಶಾಖಕ್ಕೆ ಹರಿಯುವುದರಿಂದ 3ಡಿ ಮುದ್ರಣ ಯಂತ್ರದಲ್ಲಿ ಶ್ಯಾವಿಗೆಯಂತೆ ಎಳೆ ಎಳೆಯಾಗಿ ಒತ್ತಿ, ಸಿಟಿ ಸ್ಕ್ಯಾನಿನಲ್ಲಿ ಕಂಡ ಕಂದಕದ ಅಳತೆಗೇ ಸಾರುವೆ ಹೆಣೆಯಬಹುದು.

ಯಂತ್ರವಿಲ್ಲದ ಹಳೆಯ ದಾರಿಯೊಂದಿದೆ, ಅದು ನನಗೆ ಇನ್ನೂ ಇಷ್ಟ. ಪಿಸಿಎಲ್ ಹರಳುಗಳನ್ನು ಕ್ಲೋರೋಫಾರ್ಮಿನಂಥ ದ್ರಾವಕದಲ್ಲಿ ಕರಗಿಸುತ್ತಾರೆ, ಗಂಜಿಯ ತಿಳಿಯಂತೆ ಆಗುತ್ತದೆ. ಉಪ್ಪನ್ನು ಸಣ್ಣ ಜರಡಿಯಲ್ಲಿ ಜಾಲಿಸಿ ಒಂದೇ ಗಾತ್ರದ ಹರಳುಗಳನ್ನು ಆರಿಸಿಕೊಂಡು ಅದಕ್ಕೆ ಬೆರೆಸುತ್ತಾರೆ. ಪಾಲಿಮರಿಗಿಂತ ಉಪ್ಪೇ ಎಷ್ಟೋ ಪಾಲು ಹೆಚ್ಚು. ಅಚ್ಚಿಗೆ ಸುರಿದು ದ್ರಾವಕ ಆರಲು ಬಿಟ್ಟರೆ ಗಟ್ಟಿ ಬಿಲ್ಲೆ. ಅದನ್ನು ನೀರಿಗೆ ಹಾಕಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸುತ್ತಾರೆ. ಉಪ್ಪೆಲ್ಲ ನೀರಿಗಿಳಿಯುತ್ತದೆ; ಉಪ್ಪಿದ್ದಲ್ಲೆಲ್ಲ ತೂತು. ಕೈಗೆ ಸಿಗುವುದು ಬೆಳ್ಳನೆಯ, ಹತ್ತಿಯಷ್ಟು ಹಗುರವಾದ ಸ್ಪಂಜು. ಅಡುಗೆಮನೆಯ ಉಪ್ಪು ಮೂಳೆಗೆ ಕೋಣೆ ಕೊರೆಯುತ್ತದೆ.

ಈ ತೂತುಗಳ ಗಾತ್ರದಲ್ಲೇ ಅರ್ಧ ವಿದ್ಯೆಯಿದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ತೂತು 100 ಮೈಕ್ರಾನಿಗಿಂತ ಕಿರಿದಾದರೆ ಮೂಳೆ ಒಳಗೆ ಬೆಳೆಯಲು ತಿಣುಕುತ್ತದೆ. 300 ಮೈಕ್ರಾನ್ ಮತ್ತು ಅದಕ್ಕೂ ಅಗಲವಾದರೆ ರಕ್ತನಾಳಗಳೂ ಸಲೀಸಾಗಿ ಹೊಗುತ್ತವೆ. ಜೇನಿನ ಎರಿಯ ಕೋಣೆಗಳಿಗೆ ಒಂದರಿಂದ ಇನ್ನೊಂದಕ್ಕೆ ಬಾಗಿಲಿಲ್ಲ. ಸಾರುವೆಯ ಕೋಣೆಗಳಿಗೆ ಎಲ್ಲ ದಿಕ್ಕಿಗೂ ಬಾಗಿಲು ಬೇಕು. ಒಳಗಿದ್ದ ಕೋಶಕ್ಕೆ ಆಹಾರ ತಲುಪಬೇಕು, ಅದರ ಕಸ ಹೊರಗೆ ಹೋಗಬೇಕು. ತೂತು ಹೆಚ್ಚಿಸಿದಷ್ಟೂ ಕೋಶಗಳಿಗೆ ಸುಖ, ಸಾರುವೆಗೆ ಬಲಹೀನತೆ. ಬರಿಯ ಪಿಸಿಎಲ್‌ನ ಬಿಗಿಯಂತೂ ಅರ್ಧ ಗಿಗಾಪ್ಯಾಸ್ಕಲನ್ನೂ ಮುಟ್ಟುವುದಿಲ್ಲ. ಖನಿಜ ಬೆರೆಸುವುದಕ್ಕೆ ಒಂದು ಕಾರಣ ಈ ಬಲ. ಇನ್ನೊಂದು, ನುಣುಪಾದ ಪ್ಲಾಸ್ಟಿಕ್ ಮೇಲೆ ಜೀವಕೋಶ ಕೂರಲು ಅಷ್ಟಾಗಿ ಒಪ್ಪುವುದಿಲ್ಲ, ಖನಿಜದ ಕಣ ಕಂಡರೆ ಅದಕ್ಕೆ ತನ್ನ ಮನೆಯ ಗುರುತು ಹತ್ತುತ್ತದೆ.

ಮೂರನೆಯ ಕಾರಣವನ್ನು ನಮ್ಮ ಬೆಳೆಗಾರರು ಎಲ್ಲರಿಗಿಂತ ಬೇಗ ಹಿಡಿಯುತ್ತಾರೆ. ಪಾಲಿಲ್ಯಾಕ್ಟಿಕ್ ಆಮ್ಲ ಕರಗುವಾಗ ಹೆಸರೇ ಹೇಳುವಂತೆ ಆಮ್ಲ ಬಿಡುತ್ತದೆ. ಓಡಿ ದಣಿದಾಗ ನಮ್ಮ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲವೇ ಅದು, ಸ್ವಲ್ಪವಾದರೆ ದೇಹ ಸಂಭಾಳಿಸುತ್ತದೆ. ದಪ್ಪ ಸಾರುವೆ ಒಳಗಿನಿಂದ ಒಮ್ಮೆಲೇ ಕರಗಿದರೆ ಸುತ್ತಲಿನ ಜಾಗ ಹುಳಿಯಾಗಿ ಊತ, ಉರಿ. ವರ್ಷಕ್ಕೆ ನೂರಾರು ಇಂಚು ಸುರಿಯುವ ಘಾಟಿ ಅಂಚಿನ ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದು ಹುಳಿ ಮಾಡಿದಾಗ ನಾವು ತೋಟಕ್ಕೆ ಏನು ಮಾಡುತ್ತೇವೆ? ಸುಣ್ಣ ಎರಚುತ್ತೇವೆ. ಪಾಲಿಮರಿನೊಳಗೆ ಬೆರೆಸಿದ ಕ್ಯಾಲ್ಸಿಯಂ ಫಾಸ್ಫೇಟ್, ಗಾಜಿನ ಪುಡಿ ಮಾಡುವುದೂ ಅದನ್ನೇ. ಪಾಲಿಮರ್ ಹುಳಿ ಬಿಟ್ಟಂತೆಲ್ಲ ಖನಿಜ ಕರಗಿ ಅದನ್ನು ತಣಿಸುತ್ತದೆ, ಹಾಗೆ ಕರಗಿದ ಕ್ಯಾಲ್ಸಿಯಂ ಅಲ್ಲೇ ಹೊಸ ಮೂಳೆಗೂ ಒದಗುತ್ತದೆ.

ಗಾಜಿನ ಪುಡಿ ಎಂದೆ. ಕಿಟಕಿಯ ಗಾಜಲ್ಲ. 1960ರ ದಶಕದ ಕೊನೆಯಲ್ಲಿ ಫ್ಲೋರಿಡಾದ ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ವಿಯೆಟ್ನಾಂನಿಂದ ಮರಳಿದ ಸೇನಾಧಿಕಾರಿಯೊಬ್ಬ ಕೂತಿದ್ದನಂತೆ. ಕೈಕಾಲು ಕಳೆದುಕೊಂಡ ಸೈನಿಕರ ಮೈ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಒಪ್ಪುತ್ತಿಲ್ಲ, ದೇಹ ಒಪ್ಪುವ ವಸ್ತು ಮಾಡಲಾಗದೇ ಎಂದು ಆತ ಕೇಳಿದ. ಹೆಂಚ್ 1969ರಲ್ಲಿ ಮಾಡಿದ ಬಯೋಗ್ಲಾಸ್ ಮೂಳೆಗೆ ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಇಲಿಯ ಮೂಳೆಯಿಂದ ಅದನ್ನು ಕೀಳಲಾಗಲಿಲ್ಲ. ಯುದ್ಧ ಕಂಡವನೊಬ್ಬನ ನೇರ ಪ್ರಶ್ನೆಯಿಂದ ಹುಟ್ಟಿದ ವಸ್ತು ಅದು. ಸೊಂಟ ಹಿಡಿದು ನನ್ನನ್ನು ಕೇಳಿದವರ ಪ್ರಶ್ನೆಯೂ ಅದೇ ಜಾತಿಯದು ಎಂದು ನನಗೆ ಅನ್ನಿಸುತ್ತದೆ.

ಈಗ ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ವಸ್ತು ಎಂಜಿನಿಯರಿಂಗ್ ವಿಭಾಗದಲ್ಲಿ ಕೌಶಿಕ್ ಚಟರ್ಜಿಯವರ ತಂಡ ಪಿಸಿಎಲ್ ಕಾಂಪೊಸಿಟ್ ಸಾರುವೆಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದೇ ಸಂಸ್ಥೆಯ ಬಿಕ್ರಮ್‌ಜಿತ್ ಬಸು ಮೂಳೆಗೆ ಹೊಂದುವ ಸೆರಾಮಿಕ್‌ಗಳ ಕೆಲಸಕ್ಕೆ ಹೆಸರಾದವರು, 2013ರ ಭಟ್ನಾಗರ್ ಪ್ರಶಸ್ತಿ ಪಡೆದವರು. ಚಟರ್ಜಿ ತಂಡದ 2015ರ ಎರಡು ಪ್ರಬಂಧಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದರಲ್ಲಿ ರಸಾಯನಶಾಸ್ತ್ರದ ಎಸ್. ಸಂಪತ್, ಭೌತಶಾಸ್ತ್ರದ ಎ.ಕೆ. ಸೂದ್ ಕೂಡ ಜೊತೆಗಿದ್ದಾರೆ. ಒಂದು ಪರಮಾಣುವಿನಷ್ಟು ಮಾತ್ರ ದಪ್ಪವಿರುವ ಇಂಗಾಲದ ಹಾಳೆ ಗ್ರಾಫೀನ್. ಅದರ ಅಂಚುಮೈಗಳಿಗೆ ಬೇರೆ ಬೇರೆ ರಾಸಾಯನಿಕ ಗುಂಪುಗಳನ್ನು ಜೋಡಿಸಿ, ಚಿಟಿಕೆಯಷ್ಟನ್ನು ಪಿಸಿಎಲ್‌ಗೆ ಬೆರೆಸಿ, ಅದರ ಮೇಲೆ ಮನುಷ್ಯರ ಕಾಂಡಕೋಶಗಳನ್ನು ಬೆಳೆಸಿ ನೋಡಿದರು. ಕಾಂಡಕೋಶವೆಂದರೆ ಇನ್ನೂ ಯಾವ ಕಸುಬನ್ನೂ ಹಿಡಿಯದ ಕೋಶ. ಕೂತ ನೆಲ ನೋಡಿ ಅದು ಕೊಬ್ಬೋ ಮೃದ್ವಸ್ಥಿಯೋ ಮೂಳೆಯೋ ಆಗುತ್ತದೆ. ಅಮೀನ್ ಗುಂಪು ಜೋಡಿಸಿದ ಗ್ರಾಫೀನ್ ಇದ್ದ ಕಡೆ ಅವು ಹೆಚ್ಚಾಗಿ ಮೂಳೆಯ ದಾರಿ ಹಿಡಿದವು. ಅದೇ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಳ್ಳುವುದೂ ತಗ್ಗಿತು.

ನಗರದ ಓದುಗರಿಗೆ ಈ ಎರಡನೆಯ ಮಾತು ಪಕ್ಕದ ಲಾಭದಂತೆ ಕಾಣಬಹುದು. ತೋಟದಲ್ಲಿ ಬಿದ್ದ ಕಾಲನ್ನು ಕಂಡವರಿಗೆ ಅದೇ ಮುಖ್ಯ. ತರಗು, ಗೊಬ್ಬರ, ಕೆಸರು ಹೊಕ್ಕ ಗಾಯದಲ್ಲಿ ಲೋಹವಿಡಿ, ಪ್ಲಾಸ್ಟಿಕ್ ಇಡಿ, ಬ್ಯಾಕ್ಟೀರಿಯಾ ಅದರ ಮೇಲೊಂದು ಪದರ ಹೊದ್ದು ಕೂತರೆ ಇಂಜೆಕ್ಷನ್ನಿಗೂ ಜಗ್ಗುವುದಿಲ್ಲ. ನನ್ನ ವಿದ್ಯಾರ್ಥಿಯ ಅಪ್ಪ ಮೂಳೆ ಕಳೆದುಕೊಂಡದ್ದು ಬಿದ್ದದ್ದರಿಂದಲ್ಲ, ಕೀವಿನಿಂದ. ಮೂಳೆಯನ್ನು ಕರೆಯುವ, ರೋಗಾಣುವನ್ನು ದೂರವಿಡುವ ಎರಡೂ ಗುಣ ಒಂದೇ ವಸ್ತುವಿಗೆ ಬರಲಿ ಎಂದು ಹೊರಟವರಿಗೆ ನಮ್ಮ ಕಡೆಯ ಕಾಲುಗಳ ಕಷ್ಟ ಅರ್ಥವಾಗಿದೆ ಎಂದೇ ನಾನು ತಿಳಿಯುತ್ತೇನೆ.

ಇನ್ನೊಂದು ಪ್ರಬಂಧ ಸ್ಟ್ರಾನ್ಷಿಯಂ ಕುರಿತದ್ದು. ಮೂಲಧಾತು ಕೋಷ್ಟಕದಲ್ಲಿ ಕ್ಯಾಲ್ಸಿಯಂನ ಸರಿಯಾಗಿ ಕೆಳಗಿನ ಮನೆ ಅದರದು. ಹಾಗಾಗಿ ಮೂಳೆ ಅದನ್ನು ತನ್ನವನೆಂದು ಒಳಬಿಟ್ಟುಕೊಳ್ಳುತ್ತದೆ. ಮೂಳೆ ಕಟ್ಟುವ ಕೋಶಗಳನ್ನು ಹುರಿದುಂಬಿಸುವ, ಮೂಳೆ ತಿನ್ನುವ ಕೋಶಗಳನ್ನು ತಡೆಯುವ ಗುಣ ಅದಕ್ಕಿದೆ. ಯುರೋಪಿನಲ್ಲಿ 2004ರಿಂದ ಮೂಳೆ ಸವೆತಕ್ಕೆ ಸ್ಟ್ರಾನ್ಷಿಯಂ ಔಷಧ ಕೊಡುತ್ತಿದ್ದರು, ಹೃದಯಕ್ಕೆ ಅಪಾಯವೆಂದು ಕಂಡ ಮೇಲೆ 2014ರಲ್ಲಿ ಬಿಗಿ ನಿರ್ಬಂಧ ಹಾಕಿದರು. ಇಡೀ ಮೈಗೆ ಕುಡಿಸುವ ಬದಲು ಬೇಕಾದ ಜಾಗದಲ್ಲಷ್ಟೇ ಸ್ವಲ್ಪ ಸ್ವಲ್ಪವೇ ಬಿಟ್ಟರೆ? ಸಚಿನ್ ಕುಮಾರ್ ಮತ್ತು ಚಟರ್ಜಿ ಗ್ರಾಫೀನ್ ಹಾಳೆಗಳ ಮೇಲೆ ಸ್ಟ್ರಾನ್ಷಿಯಂ ಕಣಗಳನ್ನು ಕೂರಿಸಿ ಪಿಸಿಎಲ್ ಸಾರುವೆಗೆ ಬೆರೆಸಿದರು. ಸಾರುವೆ ತನ್ನ ಪಾಡಿಗೆ ಸ್ಟ್ರಾನ್ಷಿಯಂ ಸೋರುತ್ತಾ ಮೂಳೆ ಕೋಶಗಳ ಬೆಳವಣಿಗೆಯನ್ನು ಹೆಚ್ಚಿಸಿತು. ಬೇಕಾದಲ್ಲಿಗಷ್ಟೇ ಹನಿ ನೀರಾವರಿ.

ಇಷ್ಟೆಲ್ಲ ಓದಿ ಹಿಗ್ಗಿದರೂ ನನಗೊಂದು ಅಳುಕು ಇದೆ. ಪಿಸಿಎಲ್ ಎರಡು, ಮೂರು ವರ್ಷದಲ್ಲಿ ಕರಗಿ ಹೋಗುತ್ತದೆ. ಗ್ರಾಫೀನ್ ಅಷ್ಟು ಸುಲಭವಾಗಿ ಕರಗುವ ವಸ್ತುವಲ್ಲ. ಚಿಟಿಕೆಯಷ್ಟೇ ಆದರೂ ಅದು ಮೈಯಲ್ಲಿ ಎಲ್ಲಿಗೆ ಹೋಗಿ ಕೂರುತ್ತದೆ, ಹತ್ತು ವರ್ಷದ ಮೇಲೆ ಏನಾಗುತ್ತದೆ ಎಂಬುದು ಪೂರ್ತಿ ಬಗೆಹರಿಯದೆ ಅದನ್ನು ಮನುಷ್ಯರ ಕಾಲಿಗೆ ಇಡಬಾರದು. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಇಲಿಯ ತಲೆಬುರುಡೆಯ 8 ಮಿಲಿಮೀಟರ್ ತೂತಿನಲ್ಲಿ ಗೆಲ್ಲಬೇಕು, ಆಮೇಲೆ ಮೊಲ, ಕುರಿ, ಕೊನೆಗೆ ಮನುಷ್ಯ. ದೇಹದೊಳಗೆ ಕರಗುವ ಇಂಥ ಸಾಧನಗಳನ್ನು ನಮ್ಮ ದೇಶದ 2017ರ ವೈದ್ಯಕೀಯ ಸಾಧನಗಳ ನಿಯಮ ಅತಿ ಹೆಚ್ಚು ಎಚ್ಚರಿಕೆಯ ದರ್ಜೆಗೆ ಸೇರಿಸಿದೆ. ತಡವಾಗುತ್ತದೆ, ಆಗಲಿ. ಸೆಂಟ್ರಿಂಗ್ ಬಿಚ್ಚುವ ದಿನಕ್ಕೆ ಮುಂಚೆಯೇ ಅವಸರದಲ್ಲಿ ಬಿಚ್ಚಿದ ತಾರಸಿಯ ಕೆಳಗೆ ಯಾರೂ ಮಲಗಬಾರದು.

ಎಲ್ಲಕ್ಕಿಂತ ದೊಡ್ಡ ತೊಡಕು ರಕ್ತದ್ದು. ಜೀವಕೋಶ ರಕ್ತನಾಳದಿಂದ 100, 200 ಮೈಕ್ರಾನಿಗಿಂತ ದೂರವಿದ್ದರೆ ಆಮ್ಲಜನಕ ಸಾಲದೆ ಸಾಯುತ್ತದೆ. ಚಿಕ್ಕ ಸಾರುವೆಯಾದರೆ ಸುತ್ತಲಿನ ರಕ್ತನಾಳಗಳು ಚಿಗುರಿ ಒಳಬರುತ್ತವೆ. ಅಂಗೈಯುದ್ದದ ಸಾರುವೆಯ ನಡುಮಧ್ಯಕ್ಕೆ ಅವು ಬಂದು ಮುಟ್ಟುವ ಹೊತ್ತಿಗೆ ಅಲ್ಲಿಯ ಕೋಶಗಳು ಉಳಿದಿರುವುದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸೋಂಕಿನಿಂದ ಕಾಲಿನ ಮೂಳೆ ಕಳೆದುಕೊಂಡ ಯುವಕನೊಬ್ಬನಿಗೆ 3ಡಿ ಮುದ್ರಿತ ಪಾಲಿಮರ್ ಸಾರುವೆ ಇಟ್ಟಾಗ ವೈದ್ಯರು ಅದನ್ನು ಬರಿದಾಗಿ ಇಡಲಿಲ್ಲ. ಅವನದೇ ದೇಹದಿಂದ ತೆಗೆದ, ರಕ್ತನಾಳವಿರುವ ಅಂಗಾಂಶವನ್ನು ಅದರ ಸುತ್ತ ಹೊದಿಸಿದರು. ಕಾಲು ಉಳಿಯಿತು. ಅದಕ್ಕೆ ಹಿಡಿದದ್ದು ಒಂದೇ ಆಪರೇಷನ್ನಲ್ಲ, ತಿಂಗಳುಗಟ್ಟಲೆಯ ಆಸ್ಪತ್ರೆವಾಸ.

ವಸ್ತುವನ್ನು ಹುಡುಕುತ್ತಾ ಹೋದವರು ನಮ್ಮ ಕಾಡಿಗೂ ಬಂದಿದ್ದಾರೆ ಎನ್ನಬೇಕು. ಇಟಲಿಯ ಫಾಯೆಂಜಾದಲ್ಲಿ ಅನ್ನಾ ಟಾಂಪಿಯೇರಿಯವರ ತಂಡ ಬೆತ್ತವನ್ನೇ ಮೂಳೆಯ ಖನಿಜವನ್ನಾಗಿ ಮಾರ್ಪಡಿಸಿತು. ಬೆತ್ತವನ್ನು ಅಡ್ಡ ಕೊಯ್ದು ನೋಡಿ, ಉದ್ದಕ್ಕೂ ಹೋದ ಕೊಳವೆಗಳು ಎದ್ದು ಕಾಣುತ್ತವೆ. ಕಾಲಿನ ಮೂಳೆಯೊಳಗೂ ರಕ್ತನಾಳ ಹೋಗಲು ಹಾಗೆಯೇ ಕಾಲುವೆಗಳು. ಬೆತ್ತವನ್ನು ಸುಟ್ಟು ಇದ್ದಿಲು ಮಾಡಿ, ಹಂತಹಂತವಾಗಿ ಇಂಗಾಲದ ಜಾಗಕ್ಕೆ ಕ್ಯಾಲ್ಸಿಯಂ, ಆಮೇಲೆ ಫಾಸ್ಫೇಟ್ ಸೇರಿಸಿದರು. ಕೊಳವೆಗಳು ಹಾಗೆಯೇ ಉಳಿದವು, ಬೆತ್ತ ಮಾತ್ರ ಹೈಡ್ರಾಕ್ಸಿಅಪಟೈಟ್ ಆಯಿತು. ಬಿಸಿಲೆ ಕಾಡಿನಲ್ಲಿ ಪ್ಯಾಂಟಿಗೆ ಸಿಕ್ಕಿ ಗೀರುವ ಬೆತ್ತದ ಮುಳ್ಳನ್ನು ಬಿಡಿಸಿಕೊಳ್ಳುವಾಗಲೆಲ್ಲ ನನಗೆ ಈಗ ಇದು ನೆನಪಾಗುತ್ತದೆ. ಕೋಳಿ ಮೊಟ್ಟೆಯ ಸಿಪ್ಪೆಯಿಂದಲೂ ಈ ಖನಿಜವನ್ನು ತಯಾರಿಸುತ್ತಾರೆ, ಅದರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ನಾಟಿ ವೈದ್ಯರು ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಟ್ಟೆಗೆ ಬಳಿದು, ಬಿದಿರ ದಬ್ಬೆ ಇಟ್ಟು ಕಟ್ಟು ಹಾಕುತ್ತಾರೆ. ಅವರು ಬಿಸಾಡಿದ ಸಿಪ್ಪೆಯನ್ನು ಪ್ರಯೋಗಾಲಯ ಎತ್ತಿಕೊಂಡಿದೆ.

ನಾಟಿ ಕಟ್ಟಿನ ಮಾತು ಬಂದ ಮೇಲೆ ಮಂಗರಬಳ್ಳಿಯನ್ನು ಬಿಡುವ ಹಾಗಿಲ್ಲ. ಬೇಲಿಯ ಮೇಲೆ ಹಬ್ಬುವ, ನಾಲ್ಕು ಮೂಲೆಯ, ಗೆಣ್ಣುಗೆಣ್ಣಾದ ಹಸಿರು ಬಳ್ಳಿ. ಬಾಯಿ ತುರಿಸದಂತೆ ಹುಳಿ ಹಾಕಿ ಚಟ್ನಿ ಅರೆಯುವವರೂ ಇದ್ದಾರೆ. ಮುರಿದ ಮೂಳೆಗೆ ಇದರ ಹೆಸರು ಬಹಳ ಹಳೆಯದು. ಇದನ್ನು ಮೊದಲು ಪ್ರಯೋಗಾಲಯಕ್ಕೆ ಒಯ್ದು ಗಂಭೀರವಾಗಿ ಪರೀಕ್ಷಿಸಿದವರಲ್ಲಿ ನಮ್ಮ ದಕ್ಷಿಣ ಕನ್ನಡದವರೇ ಆದ ಡಾ. ಕೆ.ಎನ್. ಉಡುಪರು ಒಬ್ಬರು. ಮೊದಲು ಆಯುರ್ವೇದ ಓದಿ, ಆಮೇಲೆ ಶಸ್ತ್ರಚಿಕಿತ್ಸೆ ಕಲಿತು, ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ವೈದ್ಯವಿಜ್ಞಾನ ಸಂಸ್ಥೆ ಕಟ್ಟಿದವರು. ಅವರೂ ಜಿ. ಪ್ರಸಾದರೂ 1964ರಲ್ಲಿ ವಿಕಿರಣ ಸೂಸುವ ಕ್ಯಾಲ್ಸಿಯಂ-45 ಬಳಸಿ, ಬಳ್ಳಿಯ ಸಾರ ಕೊಟ್ಟ ಪ್ರಾಣಿಗಳಲ್ಲಿ ಮುರಿದ ಜಾಗಕ್ಕೆ ಕ್ಯಾಲ್ಸಿಯಂ ಹೇಗೆ ಸೇರುತ್ತದೆ, ಕೂಡಿದ ಮೂಳೆ ಎಷ್ಟು ಬಲ ಪಡೆಯುತ್ತದೆ ಎಂದು ಅಳೆದರು. 2009ರಲ್ಲಿ ಮಣಿಪಾಲದ ಸಂಶೋಧಕರು ಇದೇ ಬಳ್ಳಿಯ ಸಾರ ಮಜ್ಜೆಯ ಕಾಂಡಕೋಶಗಳನ್ನು ಮೂಳೆಯತ್ತ ತಿರುಗಿಸುವುದನ್ನು ವರದಿ ಮಾಡಿದರು. ಕೆಲವು ವರ್ಷಗಳ ನಂತರ ಪಿಸಿಎಲ್ ನೂಲಿನಂಥ ಎಳೆಗಳೊಳಗೆ ಮಂಗರಬಳ್ಳಿ ಸಾರವನ್ನೂ ಹೈಡ್ರಾಕ್ಸಿಅಪಟೈಟನ್ನೂ ಕೂಡಿಸಿದ ಸಾರುವೆಗಳೂ ಬಂದವು. ಬೇಲಿಯ ಬಳ್ಳಿ ಕಾಂಪೊಸಿಟ್ ಆಯಿತು.

ಇದನ್ನು ಓದಿ ಯಾರೂ ತೆರೆದ ಗಾಯಕ್ಕೆ ಬಳ್ಳಿ ಅರೆದು ಮೆತ್ತಬೇಡಿ. ಕೈಮುಗಿದು ಹೇಳುತ್ತೇನೆ. ಚರ್ಮ ಸೀಳಿ ಮೂಳೆ ಕಂಡಿದ್ದರೆ ಅಲ್ಲಿಗೆ ಹೋಗಬೇಕಾದದ್ದು ಶುದ್ಧ ನೀರು, ಶುದ್ಧ ಬಟ್ಟೆ ಮಾತ್ರ. ಮುರಿದ ಕಾಲನ್ನು ಅಲುಗದಂತೆ ಕಟ್ಟಿ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಆಸ್ಪತ್ರೆ ಸೇರಿಸಿ. ಬಿಗಿಯಾಗಿ ಕಟ್ಟಿದ ದಬ್ಬೆಯೊಳಗೆ ರಕ್ತ ಓಡದೆ ಕಪ್ಪಾದ ಪಾದವನ್ನು ನಾನು ಕಂಡಿದ್ದೇನೆ. ಉಡುಪರು ಬಳ್ಳಿಯನ್ನು ಗೌರವಿಸಿದ್ದು ಅದನ್ನು ಅಳೆಯುವ ಮೂಲಕ.

ಕ್ಯಾಲ್ಸಿಯಂ ಫಾಸ್ಫೇಟ್ ಕಾಳು, ಬಯೋಗ್ಲಾಸ್ ಪುಡಿ ಇಂಥವು ಆಸ್ಪತ್ರೆಗಳಿಗೆ ಆಗಲೇ ಬಂದಿವೆ. ಹಲ್ಲಿನ ವೈದ್ಯರು ದವಡೆಯ ಸಣ್ಣ ಗುಳಿಗಳಿಗೆ ತುಂಬುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ನಮ್ಮ ದೇಶದಲ್ಲೇ ಅಂಥದ್ದನ್ನು ತಯಾರಿಸುವ ದಾರಿ ತೋರಿಸಿದೆ. ಭಾರ ಹೊರುವ ಕಾಲಿನ ಮೂಳೆಗೆ, ಮೂರು ಬೆರಳಗಲದ ಕಂದಕಕ್ಕೆ, ಅಳತೆಗೆ ತಕ್ಕ ಕರಗುವ ಸಾರುವೆ ಮಾತ್ರ ಇನ್ನೂ ಜಿಲ್ಲಾ ಆಸ್ಪತ್ರೆಯ ಕಪಾಟಿಗೆ ಬಂದಿಲ್ಲ. ಅದು ಬರಬೇಕು. ದುಬಾರಿ ಆಸ್ಪತ್ರೆಯ ಗಾಜಿನ ಬಾಗಿಲಲ್ಲೇ ನಿಂತುಬಿಟ್ಟರೆ ಸಾಲದು. ಏಣಿಯಿಂದ ಬೀಳುವವರು ದಿನಗೂಲಿಯವರು, ಅವರಿಗೆ ಕಾಲೇ ಬಂಡವಾಳ. ಉಪ್ಪಿನಲ್ಲಿ ತೂತು ಕೊರೆಯಬಹುದಾದ, ಮೊಟ್ಟೆಯ ಸಿಪ್ಪೆಯಿಂದ ಖನಿಜ ತೆಗೆಯಬಹುದಾದ ವಿದ್ಯೆ ಬಡವರ ಕೈಗೆ ಸಿಗದಷ್ಟು ದುಬಾರಿಯಾಗಲು ಕಾರಣವಿಲ್ಲ ಎಂದು ನಾನು ನಂಬಿದ್ದೇನೆ. ಪ್ರಯೋಗಾಲಯಕ್ಕೆ ಹಣ ಕೊಡುವವರು ಆ ಕೊನೆಯ 220 ಕಿಲೋಮೀಟರಿಗೂ ಕೊಡಬೇಕು.

ನನ್ನ ವಿದ್ಯಾರ್ಥಿಯ ಅಪ್ಪ ಈಗ ನಡೆಯುತ್ತಾರೆ. ಬಲಗಾಲು ಸ್ವಲ್ಪ ಗಿಡ್ಡ. ಮೆಣಸಿನ ಕೊಯ್ಲಿಗೆ ಬರುತ್ತಾರೆ, ಏಣಿ ಹತ್ತುವುದಿಲ್ಲ. ಮಗ ಮೇಲೆ ಹತ್ತಿದರೆ ಇವರು ಬುಡದಲ್ಲಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಕಳೆದ ಕೊಯ್ಲಿನಲ್ಲಿ ಸಿಕ್ಕಾಗ ಈ ಸಾರುವೆಯ ವಿಷಯವೆಲ್ಲ ಹೇಳಿದೆ. ಮೇಲಿದ್ದ ಮಗನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: “ಅದೂ ಮಳೆಗಾಲ್ದಲ್ಲಿ ನೋಯ್ತದಾ ಮೇಷ್ಟ್ರೇ?”

“ಎರಡು ಮೂರು ಮಳೆಗಾಲ ಕಳೆದ ಮೇಲೆ ಅದು ಅಲ್ಲಿರೋದೇ ಇಲ್ಲ. ಅಲ್ಲಿರೋದು ನಿಮ್ಮ ಮೂಳೆನೇ.”

“ಮತ್ತೆ ಸೊಂಟ?”

“ಸೊಂಟಕ್ಕೆ ಯಾರೂ ಕೈ ಹಾಕಲ್ಲ.”

ಅವರು ತಲೆಯಾಡಿಸಿದರು. ಮೇಲಿನಿಂದ ತುಂಬಿದ ಚೀಲ ಹಗ್ಗದಲ್ಲಿ ಇಳಿಯಿತು. ಒಂದು ಕೈಯನ್ನು ಏಣಿಯಿಂದ ಬಿಡದೆ ಇನ್ನೊಂದರಲ್ಲಿ ಅದನ್ನು ಬಿಚ್ಚಿಕೊಂಡರು.